ಮೊಣಕಾಲು ನೋವಿದ್ದವರು ದೇಣಿಗೆ ನಡಿಗೆಗೆ ಹೆಸರು ಕೊಡಬಹುದೇ?

ಪ್ರಶ್ನೆ: ನನಗೆ 54 ವರ್ಷ. ಧಾರವಾಡದ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ಕೆಲವು ವರ್ಷಗಳಿಂದ ಎರಡೂ ಮೊಣಕಾಲು ನೋಯುತ್ತಿವೆ. ಎಕ್ಸ್‌ರೇ ನೋಡಿದ ವೈದ್ಯರು ಸವೆತ ಎಂದಿದ್ದಾರೆ. ಬಿ.ಪಿ. ಮಾತ್ರೆಯೂ ನಡೆದಿದೆ. ಗದಗಿನಲ್ಲಿರುವ ನನ್ನ ತಂಗಿಗೆ 38 ವರ್ಷ, ಆಕೆಗೆ ರುಮಟಾಯ್ಡ್ ಸಂಧಿವಾತ. ವಾರಕ್ಕೊಮ್ಮೆ, ಶನಿವಾರ ರಾತ್ರಿ, ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಾಳೆ. ಅಕ್ಟೋಬರ್ ಎರಡನೆಯ ಭಾನುವಾರ ನಮ್ಮ ಶಿಕ್ಷಕಿಯರ ಬಳಗ ಬಡ ಸಂಧಿವಾತ ರೋಗಿಗಳಿಗಾಗಿ ದೇಣಿಗೆ ಕೂಡಿಸಲು ಐದು ಕಿಲೋಮೀಟರ್ ನಡಿಗೆ ಇಟ್ಟುಕೊಂಡಿದೆ. ಬೆಳಿಗ್ಗೆ ಆರಕ್ಕೆ ಕಲಾಭವನದಿಂದ ಹೊರಟು ಕೆ.ಸಿ.ಡಿ. (ಕರ್ನಾಟಕ ಕಾಲೇಜು) ಕಡೆ ಹೋಗಿ ಮರಳುವುದು. ಸಮತಟ್ಟು ನೆಲದಲ್ಲಿ ಇಪ್ಪತ್ತು ನಿಮಿಷ ನಡೆದರೆ ನನಗೆ ತೊಂದರೆ ಇಲ್ಲ, ಅದರಾಚೆ ಮೊಣಕಾಲು ಹಿಡಿದುಕೊಳ್ಳುತ್ತದೆ. ‘ಸವೆದ ಕೀಲನ್ನು ಇನ್ನಷ್ಟು ಯಾಕೆ ಸವೆಸಿಕೊಳ್ಳುತ್ತೀ’ ಎಂದು ಅತ್ತೆಯವರು ಗದರುತ್ತಾರೆ. ತಂಗಿಯದು ಇನ್ನೊಂದು ಸಂಶಯ: ತನ್ನ ಕಾಯಿಲೆಗೆ ಗದಗ ಭಾಗದ ನೀರು ಕಾರಣವೇ? ನಾವಿಬ್ಬರೂ ನಡೆಯಬಹುದೇ? ಅಂದು ನೋವಿನ ಮಾತ್ರೆ ತೆಗೆದುಕೊಂಡು ಹೊರಡಬೇಕೇ? ಇನ್ನೊಂದು ಮಾತು, ಜನರ ಮುಂದೆ ದುಡ್ಡು ಕೇಳಲು ಸಂಕೋಚವಾಗುತ್ತದೆ. ಹೇಗೆ ಕೇಳಬೇಕು?

ಉತ್ತರ: ನೀವು ನಡೆಯಬಹುದು. ನಿಮ್ಮ ಮೊಣಕಾಲಿಗೆ ನಡಿಗೆ ಬೇಕಾಗಿಯೂ ಇದೆ. ನಿಮ್ಮ ತಂಗಿಯೂ ನಡೆಯಬಹುದು, ಆದರೆ ಆ ವಾರ ಆಕೆಯ ಕೀಲುಗಳು ಹೇಗಿವೆ ಎಂಬುದನ್ನು ನೋಡಿಯೇ ತೀರ್ಮಾನಿಸಬೇಕು. ಅಕ್ಕ ತಂಗಿ ಇಬ್ಬರೂ ಒಂದೇ ದೂರ ನಡೆಯಬೇಕೆಂದಿಲ್ಲ. ಬ್ಯಾನರಿನ ಮೇಲೆ ಐದು ಕಿಲೋಮೀಟರ್ ಎಂದು ಬರೆದಿದ್ದರೂ ನೀವು ಎಷ್ಟು ನಡೆಯಬೇಕು ಎಂಬುದನ್ನು ಹೇಳಬೇಕಾದದ್ದು ನಿಮ್ಮ ಮೊಣಕಾಲು. ನಮ್ಮ ಭಾಗದ ಜನಕ್ಕೆ ಇದನ್ನು ಒತ್ತಿ ಹೇಳಬೇಕಾಗುತ್ತದೆ. ಹರಕೆ ಹೊತ್ತು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ, ಉಳವಿಗೆ, ಪಂಢರಪುರಕ್ಕೆ ಕಾಲ್ನಡಿಗೆಯಲ್ಲಿ ಹೋಗಿ ಬಂದವರು ಪ್ರತಿ ಓಣಿಯಲ್ಲಿಯೂ ಇದ್ದಾರೆ. ಹೊರಟ ಮೇಲೆ ಮುಟ್ಟಲೇಬೇಕು ಎಂಬ ಹಟ ಅವರ ಮಾತಿನಿಂದ ನಮಗೂ ಅಂಟಿಕೊಂಡಿದೆ. ಹರಕೆಗೆ ಆ ಹಟ ಸಲ್ಲುತ್ತದೆ. ದೇಣಿಗೆ ನಡಿಗೆಯಲ್ಲಿ ಎರಡು ಕಿಲೋಮೀಟರಿಗೆ ನಿಂತು ಕುರ್ಚಿಯಲ್ಲಿ ಕುಳಿತರೆ ಯಾವ ದೋಷವೂ ಇಲ್ಲ, ಕೊಟ್ಟವರ ದೇಣಿಗೆಯೂ ಕಡಿಮೆಯಾಗುವುದಿಲ್ಲ.

ಮೊದಲು ನಿಮ್ಮ ಅತ್ತೆಯವರ ಮಾತು. ಅವರ ಕಾಳಜಿ ನಿಜವಾದದ್ದೇ, ಹೀಗೆ ನಂಬಿದವರಲ್ಲಿ ಅವರೊಬ್ಬರೇ ಇಲ್ಲ. ಆದರೆ ಮೊಣಕಾಲಿನ ಒಳಗಿನ ವ್ಯವಸ್ಥೆ ಬೇರೆ ರೀತಿ ಇದೆ. ಎಲುಬುಗಳ ತುದಿಗೆ ಹೊದಿಸಿದಂತಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಅದರ ಪೋಷಣೆ ಕೀಲಿನೊಳಗಿನ ದ್ರವದಿಂದ. ಹೆಜ್ಜೆ ಇಟ್ಟಾಗ ಒತ್ತಡ ಬಿದ್ದು, ಹೆಜ್ಜೆ ಎತ್ತಿದಾಗ ಸಡಿಲವಾಗಿ, ಆ ದ್ರವ ಒಳಹೊರಗೆ ಓಡಾಡಬೇಕು. ದಿನವಿಡೀ ಕುರ್ಚಿಯಲ್ಲಿ ಕುಳಿತಿದ್ದರೆ ಅದು ನಡೆಯುವುದಿಲ್ಲ. ಜೊತೆಗೆ ತೊಡೆಯ ಮುಂಭಾಗದ ಸ್ನಾಯು ಸೊರಗುತ್ತದೆ, ಅದು ಸೊರಗಿದಷ್ಟೂ ಹೆಜ್ಜೆಯ ಪೆಟ್ಟು ನೇರವಾಗಿ ಕೀಲಿಗೆ ಬೀಳುತ್ತದೆ. ನೋವೆಂದು ನಡೆಯುವುದನ್ನು ಬಿಟ್ಟವರ ಮೊಣಕಾಲು ಎರಡೇ ವರ್ಷಗಳಲ್ಲಿ ಮೆಟ್ಟಿಲು ಹತ್ತಲಾರದ ಸ್ಥಿತಿಗೆ ಬಂದದ್ದನ್ನು ನಾನು ಚಿಕಿತ್ಸಾಲಯದಲ್ಲಿ ಎಷ್ಟೋ ಸಲ ನೋಡಿದ್ದೇನೆ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2018ರಲ್ಲಿ ಹೊರಡಿಸಿದ ಶಿಫಾರಸುಗಳು, ಸವೆತ ಇದ್ದವರಿಗೂ ಉರಿಯೂತದ ಸಂಧಿವಾತ ಇದ್ದವರಿಗೂ, ದೈಹಿಕ ಚಟುವಟಿಕೆ ಚಿಕಿತ್ಸೆಯ ಭಾಗವೇ ಎಂದು ಹೇಳುತ್ತವೆ. ಇದನ್ನು ಅತ್ತೆಯವರಿಗೆ ಓದಿ ಹೇಳಿ. ಸಾಧ್ಯವಾದರೆ ಅವರನ್ನೂ ಸಂಜೆ ಹತ್ತು ನಿಮಿಷ ಜೊತೆಗೆ ಕರೆದುಕೊಂಡು ಹೋಗಿ.

ಆದರೆ ಕೀಲು ನೋವೆಲ್ಲ ಒಂದೇ ಅಲ್ಲ. ನಿಮ್ಮದು ಸವೆತದ ಕಾಯಿಲೆ. ಅದರಲ್ಲಿ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ತಾಸಿನೊಳಗೆ ಸಡಿಲವಾಗುತ್ತದೆ, ನೋವು ಕೆಲಸ ಮಾಡಿದಂತೆ ಏರುತ್ತದೆ, ವಿಶ್ರಾಂತಿ ಪಡೆದರೆ ಇಳಿಯುತ್ತದೆ. ನಿಮ್ಮ ತಂಗಿಯದು ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿ ಬೀಳುವ ಕಾಯಿಲೆ. ಅದರಲ್ಲಿ ಬಿಗಿತ ತಾಸುಗಟ್ಟಲೆ ಇರಬಹುದು. ವಿಶ್ರಾಂತಿಯಿಂದ ಹೆಚ್ಚಾಗಿ, ಮೈ ಆಡಿದಂತೆ ಕಡಿಮೆಯಾಗುತ್ತದೆ. ಬೆರಳಿನ ಗೆಣ್ಣು, ಮಣಿಕಟ್ಟು, ಪಾದದ ಮುಂಭಾಗ ಎರಡೂ ಕಡೆ ಒಟ್ಟಿಗೆ ಊದುತ್ತವೆ. ಗಂಡಸರಿಗಿಂತ ಹೆಣ್ಣುಮಕ್ಕಳಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಹೀಗಾಗಿ ಇಬ್ಬರ ತಯಾರಿಯೂ ಬೇರೆಯಾಗಬೇಕು.

ನಿಮ್ಮದನ್ನು ಮೊದಲು ನೋಡೋಣ. ಆರಾಮವಾಗಿ ನಡೆದರೆ ಐದು ಕಿಲೋಮೀಟರಿಗೆ ಸುಮಾರು 75 ನಿಮಿಷ ಬೇಕು. ಈಗ ನಿಮ್ಮ ಮೊಣಕಾಲು ಒಪ್ಪುವುದು 20 ನಿಮಿಷ. ಅಲ್ಲಿಂದ ಒಂದೇ ನೆಗೆತಕ್ಕೆ 75ಕ್ಕೆ ಹೋಗುವಂತಿಲ್ಲ. 20ರಿಂದಲೂ ಆರಂಭಿಸಬೇಡಿ, 15ರಿಂದ ಆರಂಭಿಸಿ. ವಾರದಲ್ಲಿ ಐದು ದಿನ ನಡೆಯಿರಿ. ಅದರಲ್ಲಿ ಒಂದು ದಿನ ಮಾತ್ರ ಸ್ವಲ್ಪ ಉದ್ದದ ನಡಿಗೆ ಇರಲಿ, ಆ ಉದ್ದದ ನಡಿಗೆಗೆ ವಾರಕ್ಕೆ ಐದು ನಿಮಿಷದಂತೆ ಸೇರಿಸುತ್ತ ಹೋಗಿ. ಆಗಸ್ಟ್ ಮೊದಲ ವಾರ ಹಿಡಿದರೆ ಅಕ್ಟೋಬರ್ ಹೊತ್ತಿಗೆ 50–55 ನಿಮಿಷ ಮುಟ್ಟುತ್ತೀರಿ. ಪೂರ್ತಿ ದೂರವನ್ನು ಮೊದಲೇ ನಡೆದು ನೋಡಬೇಕಾಗಿಲ್ಲ. ಮುಕ್ಕಾಲು ಪಾಲು ಅಭ್ಯಾಸವಾಗಿದ್ದರೆ, ನಡುವೆ ಎರಡು ಕಡೆ ಕುಳಿತು ಎದ್ದರೆ, ಆ ದಿನ ಐದು ಕಿಲೋಮೀಟರ್ ನಿಮ್ಮ ಕೈಗೆಟುಕುವ ದೂರವೇ. ಸೆಪ್ಟೆಂಬರ್ ಕೊನೆಗೂ 35 ನಿಮಿಷ ದಾಟಿರದಿದ್ದರೆ ಎರಡು ಕಿಲೋಮೀಟರ್ ನಡೆಯುತ್ತೇನೆ ಎಂದು ಬಳಗಕ್ಕೆ ಆಗಲೇ ಗಟ್ಟಿಯಾಗಿ ಹೇಳಿಬಿಡಿ.

ಹೆಚ್ಚಾಯಿತೋ ಇಲ್ಲವೋ ತಿಳಿಯುವುದು ಹೇಗೆ? ನಡೆಯುವಾಗ ಸ್ವಲ್ಪ ನೋವು ಬಂದರೆ ಹೆದರಬೇಡಿ. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ನಾಲ್ಕೈದರ ಒಳಗಿದ್ದರೆ ನಡೆಯಬಹುದು. ನಡಿಗೆ ಮುಗಿದು ಎರಡು ತಾಸಾದ ಮೇಲೂ ಹೊರಡುವ ಮುಂಚಿನದಕ್ಕಿಂತ ಹೆಚ್ಚು ನೋವಿದ್ದರೆ, ಅಥವಾ ಮರುದಿನ ಬೆಳಿಗ್ಗೆ ಮೊಣಕಾಲು ಊದಿದ್ದರೆ, ನೀವು ನಡೆದದ್ದು ಜಾಸ್ತಿಯಾಯಿತು. ಮುಂದಿನ ಸಲ ಐದು ನಿಮಿಷ ಕಡಿಮೆ ಮಾಡಿ, ನಡಿಗೆಯನ್ನು ಬಿಡಬೇಡಿ. ವೇಗದ ಬಗ್ಗೆ ಇಷ್ಟೇ ಸಾಕು: ಪಕ್ಕದವರೊಂದಿಗೆ ಮಾತನಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು.

ಎಲ್ಲಿ ನಡೆಯುತ್ತೀರಿ ಎಂಬುದು ಧಾರವಾಡದಲ್ಲಿ ಸಣ್ಣ ವಿಷಯವಲ್ಲ, ಊರೇ ಏರಿಳಿತದ್ದು. ವಿಶ್ವವಿದ್ಯಾಲಯದ ಆವರಣ ಚೆಂದ, ಗಾಳಿಯೂ ಚೆಂದ, ಆದರೆ ಅದು ಇರುವುದು ಛೋಟಾ ಮಹಾಬಳೇಶ್ವರದ ಗುಡ್ಡದ ಮೇಲೆ. ಮೊದಲ ತಿಂಗಳು ಅತ್ತ ಹೋಗಬೇಡಿ. ಏರುವುದಕ್ಕಿಂತ ಇಳಿಯುವುದೇ ಸವೆದ ಮೊಣಕಾಲಿಗೆ ಹೆಚ್ಚು ಕಷ್ಟ. ಸಮತಟ್ಟಿನಲ್ಲಿ ನಡೆಯುವಾಗ ಮೊಣಕಾಲಿನ ಮೇಲೆ ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಭಾರ ಬಿದ್ದರೆ, ಮೆಟ್ಟಿಲಿಳಿಯುವಾಗ ಮೂರೂವರೆ ಪಟ್ಟಿನ ಹತ್ತಿರ ಹೋಗುತ್ತದೆ. ನಿಮ್ಮ ಶಾಲೆಯ ಮೈದಾನ, ಇಲ್ಲವೇ ಕೆ.ಸಿ.ಡಿ. ಆವರಣದ ಸಮತಟ್ಟಾದ ದಾರಿ ಸಾಕು. ಹುಬ್ಬಳ್ಳಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ತೋಳನಕೆರೆಯ ದಂಡೆ ಒಳ್ಳೆಯದು, ನೃಪತುಂಗ ಬೆಟ್ಟ ಬೇಡ. ಆಗಸ್ಟಿನ ಜಿಟಿಜಿಟಿ ಮಳೆಗೆ ಹಸಿರುಗಟ್ಟಿದ ಫರಸಿಯ ಮೇಲೆ ಕಾಲಿಟ್ಟು ಜಾರುವ ಬದಲು, ಮಳೆಯ ದಿನ ಶಾಲೆಯ ಪಡಸಾಲೆಯಲ್ಲಿಯೇ ಆ ತುದಿಯಿಂದ ಈ ತುದಿಗೆ ನಡೆಯಿರಿ. ತರಗತಿಯಲ್ಲಿ ದಿನವಿಡೀ ನಿಂತಿರುತ್ತೇನಲ್ಲ ಎನ್ನಬೇಡಿ. ಒಂದೇ ಕಡೆ ನಿಲ್ಲುವುದರಿಂದ ಕೀಲಿಗೆ ಭಾರ ಬೀಳುತ್ತದೆ, ನಡಿಗೆಯ ಲಾಭ ಸಿಗುವುದಿಲ್ಲ.

ನಡಿಗೆಯ ಜೊತೆ ತೊಡೆಗೆ ಎರಡು ವ್ಯಾಯಾಮ ಬೇಕೇಬೇಕು. ಗಟ್ಟಿಯಾದ ಕುರ್ಚಿಯಿಂದ ಕೈ ಊರದೆ ನಿಧಾನವಾಗಿ ಎದ್ದು, ಅಷ್ಟೇ ನಿಧಾನವಾಗಿ ಕೂಡುವುದು. ಮಲಗಿ ಒಂದು ಕಾಲನ್ನು ಮೊಣಕಾಲು ಮಡಿಸದೆ ಗೇಣುದ್ದ ಎತ್ತಿ ಐದು ಎಣಿಸುವವರೆಗೆ ಹಿಡಿದು ಇಳಿಸುವುದು. ಹತ್ತು ಹತ್ತು ಸಲ, ದಿನ ಬಿಟ್ಟು ದಿನ. ಇನ್ನು ಅಡುಗೆಮನೆ. ಈ ಹತ್ತು ವಾರ ನೆಲದ ಮೇಲೆ ಕುಳಿತು ರೊಟ್ಟಿ ಬಡಿಯುವುದನ್ನು ಬಿಡಿ, ಕೊಣಮಿಗೆಯನ್ನು ಒಲೆಯ ಕಟ್ಟೆಯ ಮೇಲಿಟ್ಟುಕೊಂಡು ನಿಂತು ಬಡಿಯಿರಿ. ನಿಮ್ಮಂತಹವರು ನಡಿಗೆಯಿಂದ ನೋವು ಹೆಚ್ಚಾಯಿತು ಎಂದು ಬಂದಾಗ ನಾನು ವಿಚಾರಿಸಿ ನೋಡಿದರೆ, ಬಹಳ ಸಲ ತಪ್ಪು ನಡಿಗೆಯದಾಗಿರುವುದಿಲ್ಲ. ಅದೇ ವಾರ ಮನೆಯಲ್ಲಿ ಹಬ್ಬವೋ ಸೀಮಂತವೋ ಆಗಿ, ತಾಸುಗಟ್ಟಲೆ ಕುಕ್ಕರಗಾಲಿನಲ್ಲಿ ಕುಳಿತು ಎದ್ದಿರುತ್ತಾರೆ. ತೂಕ ಹೆಚ್ಚಿದ್ದರೆ ಒಂದು ಲೆಕ್ಕ ನೆನಪಿಡಿ: ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಇಳಿಯುತ್ತದೆ. ಒಂದು ಕಾಲಿನಲ್ಲಿ ನೋವು ಹೆಚ್ಚಿದ್ದು ಕೋಲು ಹಿಡಿಯುವುದಾದರೆ ಅದು ಎದುರು ಕೈಯಲ್ಲಿರಲಿ. ಬಲ ಮೊಣಕಾಲು ನೋಯುತ್ತಿದ್ದರೆ ಕೋಲು ಎಡಗೈಯಲ್ಲಿ. ಅನೇಕರು ಇದನ್ನು ತಿರುವುಮುರುವಾಗಿ ಹಿಡಿಯುತ್ತಾರೆ. ಬೂಟು ಅಭ್ಯಾಸದಲ್ಲಿ ಹಾಕಿಕೊಂಡದ್ದೇ ಇರಲಿ, ನಡಿಗೆಗೆಂದು ಹೊಸದು ಕೊಂಡು ಅಂದೇ ಹಾಕಿಕೊಳ್ಳಬೇಡಿ.

ಈಗ ನಿಮ್ಮ ತಂಗಿ. ಆಕೆಯ ಕಾಯಿಲೆ ಕೆಲವು ತಿಂಗಳಿಂದ ಹತೋಟಿಯಲ್ಲಿದ್ದರೆ ನಡಿಗೆಯಿಂದ ಕೀಲು ಹಾಳಾಗುವುದಿಲ್ಲ. ಈ ಕಾಯಿಲೆಯಲ್ಲಿ ಹೃದ್ರೋಗದ ಅಪಾಯ ಹೆಚ್ಚು, ಆ ದೃಷ್ಟಿಯಿಂದಲೂ ನಡಿಗೆ ಒಳ್ಳೆಯದೇ. ಆದರೆ ಆ ವಾರ ಕೀಲುಗಳು ಬಿಸಿಯಾಗಿ ಊದಿದ್ದರೆ, ಬೆಳಗಿನ ಬಿಗಿತ ಎಂದಿನದಕ್ಕಿಂತ ಬಹಳ ಉದ್ದವಾಗಿದ್ದರೆ, ಜ್ವರವಿದ್ದರೆ, ಅಂದು ಆಕೆ ನಡೆಯಬಾರದು. ಹೆಸರು ನೋಂದಾಯಿಸುವ ಮೇಜಿನ ಹಿಂದೆ ಕೂರಲಿ. ಇದರಲ್ಲಿ ಮುಖ ಸಣ್ಣದು ಮಾಡಿಕೊಳ್ಳುವಂಥದ್ದೇನೂ ಇಲ್ಲ. ಕುತ್ತಿಗೆಯ ಮೇಲ್ಭಾಗದಲ್ಲಿ, ತಲೆಯ ಹಿಂಬದಿಯಲ್ಲಿ ನೋವು, ಕೈಯಲ್ಲಿ ಜುಮುಜುಮು ಅಥವಾ ನಡೆಯುವಾಗ ತೂರಾಟ ಇದ್ದರಂತೂ ಅಭ್ಯಾಸ ಆರಂಭಿಸುವ ಮುಂಚೆಯೇ ವೈದ್ಯರಿಗೆ ತೋರಿಸಬೇಕು. ಈ ಕಾಯಿಲೆ ಕುತ್ತಿಗೆಯ ಮೇಲಿನ ಕೀಲನ್ನೂ ಸಡಿಲಗೊಳಿಸಬಲ್ಲದು. ಆಕೆ ಗದಗಿನಲ್ಲಿ ಭೀಷ್ಮ ಕೆರೆಯ ಬದಿಯಲ್ಲಿ ಹತ್ತು ನಿಮಿಷದಿಂದ ಆರಂಭಿಸಲಿ. ಬೂಟಿನ ಮುಂಭಾಗ ಅಗಲವಿರಲಿ, ಊದಿದ ಬೆರಳುಗಳಿಂದ ಲೇಸು ಕಟ್ಟುವುದು ಕಷ್ಟ, ಆದ್ದರಿಂದ ಅಂಟುಪಟ್ಟಿಯ ಬೂಟು ಸಿಕ್ಕರೆ ಒಳ್ಳೆಯದು.

ಶನಿವಾರ ರಾತ್ರಿಯ ಮೆಥೊಟ್ರೆಕ್ಸೇಟ್ ಬಗ್ಗೆ ನೀವು ಬರೆದದ್ದು ಒಳ್ಳೆಯದಾಯಿತು. ಆ ಮಾತ್ರೆ ತೆಗೆದುಕೊಂಡ ಮರುದಿನ ಅನೇಕರಿಗೆ ಹೊಟ್ಟೆ ತೊಳೆಸುತ್ತದೆ, ಮೈ ಸೋತಂತಿರುತ್ತದೆ. ನಡಿಗೆಯ ವಾರ ಮಾತ್ರ ಅದನ್ನು ಭಾನುವಾರ ರಾತ್ರಿ ತೆಗೆದುಕೊಳ್ಳಬಹುದೇ ಎಂದು ಆಕೆಯ ವೈದ್ಯರನ್ನು ಕೇಳಲಿ. ಒಂದು ದಿನ ಮುಂದೂಡಿದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ತಪ್ಪಿದ್ದನ್ನು ತುಂಬಿಸಲು ಎರಡು ಸಲದ್ದನ್ನು ಒಟ್ಟಿಗೆ ನುಂಗಬಾರದು, ಯಾವ ಕಾರಣಕ್ಕೂ ದಿನಾಲು ತೆಗೆದುಕೊಳ್ಳಬಾರದು. ವಾರದ ಮಾತ್ರೆಯನ್ನು ದಿನದ ಮಾತ್ರೆ ಎಂದು ತಿಳಿದು ನುಂಗಿ ಬಾಯಿ ತುಂಬ ಹುಣ್ಣಾಗಿ, ರಕ್ತಕಣಗಳು ಕುಸಿದು ಆಸ್ಪತ್ರೆ ಸೇರುವವರು ಈಗಲೂ ಇದ್ದಾರೆ. ಅದು ಪ್ರಾಣಕ್ಕೆ ಎರವಾಗುವ ತಪ್ಪು. ಮಾತ್ರೆಯ ಡಬ್ಬಿಯ ಮೇಲೆ ಶನಿವಾರ ಎಂದು ದಪ್ಪ ಅಕ್ಷರದಲ್ಲಿ ಬರೆದಿಡಲು ಹೇಳಿ. ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಇದ್ದರೆ ನಡಿಗೆಗೆಂದು ಅದನ್ನು ಹೆಚ್ಚಿಸುವುದೂ ಬೇಡ, ಏಕಾಏಕಿ ನಿಲ್ಲಿಸುವುದಂತೂ ಬೇಡವೇ ಬೇಡ.

ನೀರಿನ ಸಂಶಯಕ್ಕೆ ಉತ್ತರ: ಇಲ್ಲ. ಗದಗ ಜಿಲ್ಲೆಯ ಕೆಲವು ಭಾಗಗಳಲ್ಲಿ, ಮುಖ್ಯವಾಗಿ ಮುಂಡರಗಿ ಕಡೆ, ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ನಿಜ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅದಕ್ಕೂ ಬಹಳ ಹೆಚ್ಚಿನ ಪ್ರಮಾಣದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ, ಬೆನ್ನು ಕುತ್ತಿಗೆ ಬಿಗಿಯಾಗುವುದು, ಎಲುಬು ಗಡುಸಾಗುವುದು ಕಾಣಿಸುತ್ತದೆ. ಅದು ಬೇರೆ ಕಾಯಿಲೆ. ರುಮಟಾಯ್ಡ್ ಸಂಧಿವಾತ ಅದರಿಂದ ಬರುವುದಿಲ್ಲ. ಆಕೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದು ಬೇಡ.

ನೋವಿನ ಮಾತ್ರೆ ತೆಗೆದುಕೊಂಡು ಹೊರಡಬೇಕೇ ಎಂದಿರಿ. ಬೇಡ. ನೋವು ನಿಮಗೆ ಎಲ್ಲಿ ನಿಲ್ಲಬೇಕೆಂದು ತಿಳಿಸುತ್ತದೆ, ಅದನ್ನು ಮೊದಲೇ ಬಾಯಿ ಮುಚ್ಚಿಸಿದರೆ ನೀವು ಮಿತಿ ದಾಟಿದ್ದು ಸಂಜೆಗೆ ಗೊತ್ತಾಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ಮೂತ್ರಪಿಂಡ. ಡೈಕ್ಲೊಫಿನಾಕ್, ಅಸಿಕ್ಲೊಫಿನಾಕ್, ಐಬುಪ್ರೊಫೆನ್ ಇವೆಲ್ಲ ಬಿ.ಪಿ. ಏರಿಸುತ್ತವೆ. ಬಿ.ಪಿ.ಯ ಕೆಲವು ಮಾತ್ರೆಗಳ ಜೊತೆ ಸೇರಿದಾಗ, ಅದರಲ್ಲಿಯೂ ಮೂತ್ರ ಹೆಚ್ಚಿಸುವ ಔಷಧವೂ ಸೇರಿ, ಬೆವರಿ ಮೈಯಲ್ಲಿ ನೀರು ಕಡಿಮೆಯಾಗಿದ್ದಾಗ, ಮೂತ್ರಪಿಂಡಕ್ಕೆ ಏಕಾಏಕಿ ಪೆಟ್ಟು ಬೀಳಬಹುದು. ಅಕ್ಟೋಬರ್ ಎಂದರೆ ನವರಾತ್ರಿಯೂ ಹತ್ತಿರ. ನಮ್ಮಲ್ಲಿ ಹೆಣ್ಣುಮಕ್ಕಳು ನಸುಕಿನಲ್ಲೆದ್ದು ಬರಿಗಾಲಿನಲ್ಲಿ ಬನ್ನಿ ಗಿಡಕ್ಕೆ ನೀರು ಹಾಕಿ ಪ್ರದಕ್ಷಿಣೆ ಬರುತ್ತಾರೆ, ಉಪವಾಸವೂ ಇರುತ್ತದೆ. ಆ ಭಕ್ತಿಗೆ ನನ್ನದು ಅಡ್ಡ ಮಾತಿಲ್ಲ. ಬರಿ ಹೊಟ್ಟೆಯಲ್ಲಿ ನೋವಿನ ಮಾತ್ರೆ ನುಂಗಿದರೆ ಜಠರದಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ಅದನ್ನು ಮಾತ್ರ ಮಾಡಬೇಡಿ. ನಡಿಗೆಯ ಹಿಂದಿನ ದಿನ ಮತ್ತು ಅಂದು ಉಪವಾಸವೂ ಬೇಡ. ನಡಿಗೆಯ ನಂತರ ನೋವಾದರೆ, ನಿಮ್ಮ ವೈದ್ಯರು ಬೇಡವೆಂದಿರದಿದ್ದರೆ, ಒಂದು ಪ್ಯಾರಾಸಿಟಮಾಲ್ ಮತ್ತು ಹದಿನೈದು ನಿಮಿಷ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಸಾಕು.

ಇನ್ನು ನಡಿಗೆ ಏರ್ಪಡಿಸುವ ನಿಮ್ಮ ಬಳಗದವರಿಗೆ ಕೆಲವು ಮಾತು. ಇದನ್ನು ಅವರಿಗೆ ದಯವಿಟ್ಟು ತೋರಿಸಿ.

ಬೆಳಗಿನ ಆರು ಗಂಟೆ ಸಂಧಿವಾತ ಇದ್ದವರಿಗೆ ಅತ್ಯಂತ ಕೆಟ್ಟ ಹೊತ್ತು. ನಸುಕಿನಲ್ಲಿ ಉರಿಯೂತ ಹುಟ್ಟಿಸುವ ರಾಸಾಯನಿಕಗಳು ರಕ್ತದಲ್ಲಿ ಏರಿರುತ್ತವೆ, ಕೀಲುಗಳು ಬಿಚ್ಚಿಕೊಳ್ಳಲು ತಾಸೆರಡು ತಾಸು ಬೇಕು. ಆರಕ್ಕೆ ಕಲಾಭವನದಲ್ಲಿರಬೇಕಾದರೆ ನಿಮ್ಮ ತಂಗಿ ಮೂರೂವರೆಗೆ ಏಳಬೇಕು. ಗದಗಿನಿಂದ ಅಂದೇ ಹೊರಡುವುದಂತೂ ಆಗದ ಮಾತು, ಶನಿವಾರ ಸಂಜೆಯೇ ನಿಮ್ಮ ಮನೆಗೆ ಬರಲಿ. ಸಂಧಿವಾತ ರೋಗಿಗಳಿಗಾಗಿ ಮಾಡುವ ನಡಿಗೆಗೆ ಅವರೇ ಬರಲಾಗದ ಹೊತ್ತನ್ನು ಇಟ್ಟರೆ ಹೇಗೆ? ಏಳೂವರೆಗೆ ಇಡಿ. ಅಕ್ಟೋಬರಿನ ಧಾರವಾಡದಲ್ಲಿ ಆ ಹೊತ್ತಿನ ಬಿಸಿಲು ಹಿತವಾಗಿಯೇ ಇರುತ್ತದೆ. ಅಕ್ಟೋಬರ್ 12 ವಿಶ್ವ ಸಂಧಿವಾತ ದಿನ, 1996ರಿಂದ ಆಚರಣೆಯಲ್ಲಿದೆ. ನೀವು ಆರಿಸಿಕೊಂಡ ಭಾನುವಾರ ಅದರ ಹತ್ತಿರವೇ ಬರುತ್ತದೆ, ಆಹ್ವಾನಪತ್ರದಲ್ಲಿ ಹಾಕಿಕೊಳ್ಳಿ.

ಉದ್ಘಾಟನೆಯ ಭಾಷಣ, ಶಾಲು, ಹಾರ, ಸನ್ಮಾನ ಇವೆಲ್ಲ ನಡಿಗೆ ಮುಗಿದ ಮೇಲೆ ಇರಲಿ. ಮುಕ್ಕಾಲು ತಾಸು ನಿಲ್ಲಿಸಿ ಆಮೇಲೆ ನಡೆಯಿರಿ ಎಂದರೆ, ಕೀಲುಗಳು ಹೊರಡುವ ಮುಂಚೆಯೇ ಬಿಗಿದುಕೊಂಡಿರುತ್ತವೆ. ಅದರ ಬದಲು ಐದು ನಿಮಿಷ ಪಾದ, ಹಿಮ್ಮಡಿ, ಮೀನಖಂಡಗಳನ್ನು ಸಡಿಲಿಸುವ ವ್ಯಾಯಾಮ ಮಾಡಿಸಿ ಹೊರಡಿಸಿ. ಹೋಗಿ ಮರಳುವ ದಾರಿಯಲ್ಲಿ ಒಂದು ದೋಷವಿದೆ: ನಡುವೆ ಕಾಲು ಸೋತವರು ಆರಂಭದ ಜಾಗದಿಂದ ಅತಿ ದೂರದಲ್ಲಿರುತ್ತಾರೆ. ಒಂದು ಕಿಲೋಮೀಟರಿನ ಸುತ್ತನ್ನು ಗುರುತು ಮಾಡಿ, ಬೇಕಾದವರು ಐದು ಸುತ್ತು, ಸಾಕೆನಿಸಿದವರು ಒಂದು ಸುತ್ತು ಎಂದು ಇಟ್ಟರೆ ಎಲ್ಲರೂ ಜೊತೆಯಲ್ಲಿಯೇ ಉಳಿಯುತ್ತಾರೆ, ಗಾಲಿಕುರ್ಚಿಯವರೂ ಬರಬಹುದು. ಕೆ.ಸಿ.ಡಿ. ದಾರಿಯೇ ಬೇಕೆಂದರೆ ಹಿಂದೆ ಒಂದು ವಾಹನ ಬರಲಿ. ರಸ್ತೆಗೆ ಇಳಿಯುವುದಾದರೆ ಪೊಲೀಸ್ ಅನುಮತಿಯನ್ನು ಮುಂಚೆಯೇ ಪಡೆಯಿರಿ.

ಕುರ್ಚಿಗಳಿಗೆ ಕೈಗಳಿರಬೇಕು. ಕೈಯಿಲ್ಲದ ಸ್ಟೂಲು, ಜಮಖಾನೆ ಇವುಗಳಲ್ಲಿ ಕುಳಿತ ಸಂಧಿವಾತದವರು ತಾವಾಗಿ ಏಳಲಾರರು. ಶೌಚಾಲಯದಲ್ಲಿ ಕಮೋಡ್ ಇರಬೇಕು. ಇಲ್ಲದಿದ್ದರೆ ಹೆಣ್ಣುಮಕ್ಕಳು ಹಿಂದಿನ ರಾತ್ರಿಯಿಂದ ನೀರು ಕುಡಿಯುವುದನ್ನೇ ಬಿಟ್ಟು ಬರುತ್ತಾರೆ. ಮತ್ತೊಂದು, ಯಾರೂ ಗಮನಿಸದ್ದು: ನೀರಿನ ಬಾಟಲಿ. ಸೀಲು ಇರುವ ಆ ಸಣ್ಣ ಮುಚ್ಚಳವನ್ನು ತಿರುಚಿ ತೆಗೆಯುವುದು ರುಮಟಾಯ್ಡ್ ಇದ್ದವರ ಬೆರಳಿಗೆ, ಮಣಿಕಟ್ಟಿಗೆ ಎಂತಹ ನೋವಿನ ಕೆಲಸವೆಂದು ಆರೋಗ್ಯವಂತರಿಗೆ ಹೊಳೆಯುವುದಿಲ್ಲ. ಬಾಯಾರಿದ್ದರೂ ಬಾಟಲಿಯನ್ನು ಹಾಗೆಯೇ ಹಿಡಿದುಕೊಂಡು ನಡೆಯುತ್ತಾರೆ, ತೆಗೆದುಕೊಡಿ ಎಂದು ಕೇಳಲು ನಾಚುತ್ತಾರೆ. ಕೊಡುವ ಹುಡುಗರು ಎದುರಿನಲ್ಲಿಯೇ ಮುಚ್ಚಳ ಸಡಿಲಿಸಿ ಕೊಡಲಿ, ಇಲ್ಲವೇ ಲೋಟದಲ್ಲಿ ನೀರು ಕೊಡಲಿ. ಫಲಕ, ಬ್ಯಾನರು ಹಿಡಿಯುವ ಕೆಲಸವನ್ನು ಕಾಲೇಜು ಹುಡುಗ ಹುಡುಗಿಯರಿಗೆ ವಹಿಸಿ.

ಈಗ ದುಡ್ಡು ಕೇಳುವ ಸಂಕೋಚ. ನಿಮಗಾಗಿ ಕೇಳುತ್ತಿಲ್ಲವಾದ್ದರಿಂದ ಸಂಕೋಚ ಬೇಡ ಎಂದು ಹೇಳುವುದು ಸುಲಭ, ಆದರೂ ಅದು ಇರುತ್ತದೆ. ಅದಕ್ಕೆ ಮದ್ದು ಸ್ಪಷ್ಟತೆ. ‘ಏನಾದರೂ ಕೊಡಿ’ ಎನ್ನಬೇಡಿ. ‘ನಾನು ಇಂಥ ದಿನ ಇಷ್ಟು ದೂರ ನಡೆಯುತ್ತೇನೆ. ನನಗೂ ಮೊಣಕಾಲು ನೋವಿದೆ, ನನ್ನ ತಂಗಿಗೂ ಈ ಕಾಯಿಲೆ ಇದೆ. ದುಡ್ಡು ಇಂಥ ಕೆಲಸಕ್ಕೆ ಹೋಗುತ್ತದೆ, ನೀವು ನೂರು ರೂಪಾಯಿ ಕೊಡುತ್ತೀರಾ?’ ಎಂದು ನೇರವಾಗಿ ಕೇಳಿ. ನಮ್ಮ ಮನೆಗಳಲ್ಲಿ ಮದುವೆಯ ಮುಯ್ಯಿ ಬರೆದಿಡುವ ಪುಸ್ತಕ ಇರುತ್ತದಲ್ಲ, ಹಾಗೆ ಒಂದು ಪುಸ್ತಕದಲ್ಲಿ ಕೊಟ್ಟವರ ಹೆಸರು, ಮೊತ್ತ, ದಿನಾಂಕ ಅವರೆದುರಿಗೇ ಬರೆಯಿರಿ. ಹತ್ತು ರೂಪಾಯಿ ಕೊಟ್ಟವರ ಹೆಸರೂ ಅದರಲ್ಲಿ ಇರಲಿ. ಒಂದು ಕಡೆ ಮಾತ್ರ ಕೇಳಬೇಡಿ: ನಿಮ್ಮ ಶಾಲೆಯ ಮಕ್ಕಳ ಪಾಲಕರ ಹತ್ತಿರ. ಅಕ್ಕೋರು ಕೇಳಿದರೆ ಅವರಿಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ, ಅಂತಹ ದುಡ್ಡು ಬೇಡ.

ಹಣ ಯಾರೊಬ್ಬರ ಸ್ವಂತ ಮೊಬೈಲ್ ಸಂಖ್ಯೆಗೂ ಬರಬಾರದು. ನಿಮ್ಮ ಬಳಗಕ್ಕೆ ನೋಂದಣಿ ಇಲ್ಲದಿದ್ದರೆ ನೋಂದಾಯಿತ ಟ್ರಸ್ಟಿನ ಅಥವಾ ಆಸ್ಪತ್ರೆಯ ಬಡರೋಗಿಗಳ ನಿಧಿಯ ಖಾತೆಗೆ ನೇರವಾಗಿ ಹೋಗಲಿ. ತೆರಿಗೆ ರಿಯಾಯಿತಿ ಕೇಳುವವರಿಗೆ ಎರಡು ವಿಷಯ ಮೊದಲೇ ತಿಳಿಸಿ: ಆ ಸಂಸ್ಥೆಗೆ ಆದಾಯ ತೆರಿಗೆ ಇಲಾಖೆಯ ಮಾನ್ಯತೆ ಇರಬೇಕು, ಮತ್ತು 2,000 ರೂಪಾಯಿಗಿಂತ ಹೆಚ್ಚಿನದನ್ನು ನಗದಾಗಿ ಕೊಟ್ಟರೆ ರಿಯಾಯಿತಿ ಸಿಗುವುದಿಲ್ಲ.

ಕೂಡಿದ ಹಣ ಯಾವುದಕ್ಕೆ ಹೋಗಬೇಕು ಎಂಬುದನ್ನು ನೀವು ಕೇಳಿಲ್ಲ, ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅದೇ. ಒಂದು ದಿನದ ಶಿಬಿರ ಮಾಡಿ ಎಲ್ಲರಿಗೂ ಒಂದು ನೀ-ಕ್ಯಾಪ್, ಹದಿನೈದು ದಿನದ ಕ್ಯಾಲ್ಸಿಯಂ ಮಾತ್ರೆ ಹಂಚಿ ಫೋಟೊ ತೆಗೆಸಿಕೊಳ್ಳುವುದಕ್ಕೆ ದಯವಿಟ್ಟು ಆ ಹಣವನ್ನು ಹಾಕಬೇಡಿ. ರುಮಟಾಯ್ಡ್ ಸಂಧಿವಾತ ವರ್ಷಗಟ್ಟಲೆ ಚಿಕಿತ್ಸೆ ಬೇಡುವ ಕಾಯಿಲೆ. ಮೆಥೊಟ್ರೆಕ್ಸೇಟ್, ಅದರ ಜೊತೆ ಕೊಡುವ ಫೋಲಿಕ್ ಆಮ್ಲ ದುಬಾರಿ ಔಷಧಗಳಲ್ಲ. ಬಡವರ ಚಿಕಿತ್ಸೆ ನಿಂತುಹೋಗುವುದು ಎರಡು ಮೂರು ತಿಂಗಳಿಗೊಮ್ಮೆ ಮಾಡಿಸಬೇಕಾದ ರಕ್ತ ಪರೀಕ್ಷೆಯ ಹಣಕ್ಕೆ, ಹಳ್ಳಿಯಿಂದ ಹುಬ್ಬಳ್ಳಿಗೆ ಬಂದು ಹೋಗುವ ಬಸ್ಸಿನ ಖರ್ಚಿಗೆ, ಆ ದಿನ ತಪ್ಪಿಹೋಗುವ ಕೂಲಿಗೆ. ನವಲಗುಂದ, ರೋಣ, ಶಿರಹಟ್ಟಿ ಕಡೆಯ ಹೆಣ್ಣುಮಕ್ಕಳು ಮೂರು ತಿಂಗಳು ಬಂದು, ನೋವು ಕಡಿಮೆಯಾದೊಡನೆ ನಿಲ್ಲಿಸಿ, ಎರಡು ವರ್ಷದ ನಂತರ ಬೆರಳು ಸೊಟ್ಟಗಾದ ಮೇಲೆ ಮರಳಿ ಬರುತ್ತಾರೆ. ಆ ಸೊಟ್ಟ ಬೆರಳನ್ನು ಯಾವ ಮಾತ್ರೆಯೂ ನೇರ ಮಾಡುವುದಿಲ್ಲ. ಹಣದಲ್ಲಿ ಹತ್ತು ಜನರಿಗೆ ಒಂದು ವರ್ಷದ ಪರೀಕ್ಷೆ ಮತ್ತು ಬಸ್ಸಿನ ಖರ್ಚನ್ನು ಹೊತ್ತುಕೊಳ್ಳಲು ಸಾಧ್ಯವಾದರೆ, ಐನೂರು ಜನರಿಗೆ ನೀ-ಕ್ಯಾಪ್ ಹಂಚಿದ್ದಕ್ಕಿಂತ ಅದು ದೊಡ್ಡ ಕೆಲಸ. ಆಸ್ಪತ್ರೆಗೆ ದಾಖಲಾಗಬೇಕಾದ ದೊಡ್ಡ ಖರ್ಚಿಗೆ ಬಡ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ನೀಡುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ನಿಮ್ಮ ಬಳಗದ ಇಬ್ಬರು ಆ ಕಾರ್ಡಿನ ಬಗ್ಗೆ ತಿಳಿದುಕೊಂಡು ಜನರಿಗೆ ದಾರಿ ತೋರಿಸಿದರೆ, ಅದೂ ದೇಣಿಗೆಯಷ್ಟೇ ಬೆಲೆಬಾಳುತ್ತದೆ.

ಶಿಕ್ಷಕಿಯರು ನಡೆಸುತ್ತಿರುವ ನಡಿಗೆ ಇದಾದ್ದರಿಂದ ಇನ್ನೊಂದನ್ನು ಸೇರಿಸುತ್ತೇನೆ. ಸಂಧಿವಾತ ವಯಸ್ಸಾದವರ ಕಾಯಿಲೆ ಎಂದೇ ಎಲ್ಲರೂ ತಿಳಿದಿದ್ದಾರೆ. 16 ವರ್ಷದೊಳಗಿನ ಮಕ್ಕಳಿಗೂ ಅದು ಬರುತ್ತದೆ. ಬೆಳಗಿನ ಪ್ರಾರ್ಥನೆಯಲ್ಲಿ ಕುಂಟುತ್ತ ಬಂದು ಮಧ್ಯಾಹ್ನದ ಆಟದ ಹೊತ್ತಿಗೆ ಸರಿಹೋಗುವ ಮಗು, ಬಿಸಿಯೂಟಕ್ಕೆ ಚಕ್ಕಳಮಕ್ಕಳ ಹಾಕಿ ಕೂರಲು ಒಪ್ಪದ ಮಗು, ಇದ್ದಕ್ಕಿದ್ದಂತೆ ಅಕ್ಷರ ಕೆಟ್ಟು ಪೆನ್ಸಿಲ್ ಹಿಡಿಯಲು ಹಟ ಮಾಡುವ ಮಗು, ಒಂದೇ ಮೊಣಕಾಲು ಆರು ವಾರವಾದರೂ ಊದಿಕೊಂಡೇ ಇರುವ ಮಗು ನಿಮ್ಮ ಕಣ್ಣಿಗೆ ಬಿದ್ದರೆ, ಸೋಮಾರಿ ಎಂದು ಬೈಯುವ ಮುಂಚೆ ಪಾಲಕರನ್ನು ಕರೆಸಿ ವೈದ್ಯರ ಬಳಿ ಕಳುಹಿಸಿ. ಕೆಲವು ಮಕ್ಕಳಲ್ಲಿ ಈ ಕಾಯಿಲೆ ಕಣ್ಣಿನೊಳಗೂ ಉರಿಯೂತ ಮಾಡುತ್ತದೆ. ಕಣ್ಣು ಕೆಂಪಾಗುವುದಿಲ್ಲ, ನೋಯುವುದಿಲ್ಲ, ದೃಷ್ಟಿ ಮಾತ್ರ ಸದ್ದಿಲ್ಲದೆ ಕುಂದುತ್ತದೆ. ಹೀಗಾಗಿ ಕಣ್ಣಿನ ತಜ್ಞರ ಪರೀಕ್ಷೆಯೂ ಆಗಲೇಬೇಕು. ನಡಿಗೆಯ ದಿನ ಹಂಚುವ ಕರಪತ್ರದಲ್ಲಿ ಈ ಲಕ್ಷಣಗಳಿಗೆ ನಾಲ್ಕು ಸಾಲು ಜಾಗ ಕೊಡಿ.

ನೀವು ಅಭ್ಯಾಸ ಆರಂಭಿಸಿ ಒಂದು ತಿಂಗಳಾದ ಮೇಲೆ, ಮೊಣಕಾಲು ಎಷ್ಟು ನಿಮಿಷಕ್ಕೆ ಒಪ್ಪುತ್ತಿದೆ, ಮರುದಿನ ಬೆಳಿಗ್ಗೆ ಹೇಗಿರುತ್ತದೆ ಎಂದು ಬರೆಯಿರಿ. ನಡುವೆ ಮೊಣಕಾಲು ಒಮ್ಮೆಲೇ ಊದಿಕೊಂಡರೆ, ಮಡಿಸಿದ್ದು ಬಿಡಿಸಲಾರದಂತೆ ಸಿಕ್ಕಿಕೊಂಡರೆ, ಒಂದೇ ಕಾಲಿನ ಮೀನಖಂಡ ಊದಿ ನೋಯತೊಡಗಿದರೆ ಅಥವಾ ನಡೆಯುವಾಗ ಎದೆಯಲ್ಲಿ ಬಿಗಿದಂತಾದರೆ ನನ್ನ ಉತ್ತರಕ್ಕೆ ಕಾಯಬೇಡಿ, ಅಂದೇ ಹತ್ತಿರದ ಆಸ್ಪತ್ರೆಗೆ ಹೋಗಿ.